ನಮ್ ಜಿಲ್ಲಾ ನಮ್ ಮಾತು | ಭಾಗ 6: ಕಲಬುರಗಿ ಬಸ್ ಹತ್ತದ ಹುಡುಗಿ

ಮೊದಲನೇ ಫೋಟೋದಾಗ ಇರೋದು ಖೋ ಖೋ ಕಂಬ. ಸುರಪುರ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲ್ ಮೈದಾನ. ನಾವು ಆಡಿದ್ದು ಇಲ್ಲೇ.

ನಮ್ಮ ಟೀಮಿನಾಗ ಒಬ್ಬಾಕಿ ಇದ್ದಳು. ಹೆಸರು ಬರೆಯಲ್ಲ, ನಮ್ಮ ಬ್ಯಾಚಿನವರಿಗೆ ಗೊತ್ತೇ ಅದ. ಕಂಬದ ಹತ್ರ ಆಕಿ ಡೈವ್ ಹೊಡೆದ್ರೆ ಎದುರಿನವರು ಔಟ್ ಅಂತಲೇ ಲೆಕ್ಕ. ತಾಲ್ಲೂಕು ಗೆದ್ವಿ, ಯಾದಗಿರಿಗೆ ಹೋಗಿ ಜಿಲ್ಲಾ ಮಟ್ಟನೂ ಗೆದ್ವಿ. ಮುಂದಿಂದು ಕಲಬುರಗಿ, ವಿಭಾಗ ಮಟ್ಟ. ಆಕಿ ಬರಲಿಲ್ಲ.

ಬಸ್ ಚಾರ್ಜ್ ಕಾರಣ ಅಲ್ಲ. ಶಕ್ತಿ ಯೋಜನೆ ಬಂದಿತ್ತು, ಹುಡುಗಿಯರಿಗೆ ಟಿಕೆಟ್ ಫ್ರೀ. ಆದ್ರೆ ಅದು ಹತ್ತಿ ಬಿಡಿಸೋ ಸುಗ್ಗಿ. ‘ಮೂರು ದಿನದ ಕೂಲಿ ಯಾರು ಕೊಡ್ತಾರ? ಜೋಡಿ ಯಾವ ಮೇಡಮ್ಮೋರು ಬರ್ತಾರ?’ ಅಂತ ಅವರವ್ವ ಕೇಳಿದ್ರು. ಎರಡೂ ನ್ಯಾಯದ ಪ್ರಶ್ನೆ. ನಮ್ಮ ಶಾಲೆಯಲ್ಲಿ ಪಿಇ ಟೀಚರ್ ಹುದ್ದೆನೇ ಖಾಲಿ. ಗಣಿತದ ಸರ್ ನಮ್ಮನ್ನ ಕರ್ಕೊಂಡು ಹೋದ್ರು. ಮೊದಲ ಮ್ಯಾಚಿಗೇ ಸೋತು ವಾಪಸ್ ಬಂದ್ವಿ.

2025ರ ಜನವರಿ ನೆನಪಿದೆಯಾ? ದಿಲ್ಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್. ಭಾರತದ ಗಂಡಸರ ತಂಡ, ಹೆಂಗಸರ ತಂಡ ಎರಡೂ ನೇಪಾಳವನ್ನು ಸೋಲಿಸಿ ಕಪ್ ಎತ್ತಿದವು. ನಮ್ಮ ರಾಜ್ಯದಿಂದ ಎಂ.ಕೆ. ಗೌತಮ್ ಇದ್ರು, ತಿ. ನರಸೀಪುರದ ಕುರುಬೂರಿನ ಬಿ. ಚೈತ್ರಾ ಇದ್ರು. ರಾಜ್ಯ ಸರ್ಕಾರ ತಲಾ 5 ಲಕ್ಷ ಘೋಷಿಸಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ 2.25 ಕೋಟಿ ಜೊತೆಗೆ ನೌಕರಿ ಅಂದಿತ್ತು. ಇವರಿಬ್ಬರೂ 5 ಲಕ್ಷ ಬೇಡ ಅಂದ್ರು. ಅವರ ಸಿಟ್ಟು ಸರಿ. ನಾವೆಲ್ಲ ಸ್ಟೋರಿ ಹಾಕಿದ್ವಿ, ನಾನೂ ಹಾಕಿದ್ದೆ.

ಆದ್ರೆ ಆವತ್ತು ರಾತ್ರಿ ನನಗೆ ನೆನಪಾದದ್ದು ಆ ಮೂರು ದಿನದ ಕೂಲಿ. ಗೆದ್ದವರಿಗೆ ಎಷ್ಟು ಕೊಡಬೇಕು ಅಂತ ಎಲ್ಲರೂ ಜಗಳ ಆಡ್ತಾರೆ. ಗೆಲ್ಲೋಕೆ ಮುಂಚೆ ಎಷ್ಟು ಕೊಟ್ರಿ ಅಂತ ಯಾರೂ ಕೇಳಲ್ಲ.

ಈಗ ಲೆಕ್ಕಕ್ಕೆ ಬರೋಣ. 2025-26ರ ಕೇಂದ್ರ ಬಜೆಟ್‌ನಲ್ಲಿ ಯುವಜನ ಮತ್ತು ಕ್ರೀಡಾ ಸಚಿವಾಲಯಕ್ಕೆ ಸುಮಾರು 3,794 ಕೋಟಿ ರೂಪಾಯಿ. ಅದರಾಗ ಖೇಲೋ ಇಂಡಿಯಾಗೆ 1,000 ಕೋಟಿ. ಕೇಳೋಕೆ ದೊಡ್ಡದು. 140 ಕೋಟಿ ಜನಕ್ಕೆ ಹಂಚಿದ್ರೆ ತಲೆಗೆ 27 ರೂಪಾಯಿ, ಒಂದು ಪ್ಲೇಟ್ ಸುಸಲಾ ಮಿರ್ಚಿ ರೊಕ್ಕ.

2025ರ ಜುಲೈ 1ಕ್ಕೆ ಕೇಂದ್ರ ಸಂಪುಟ ಹೊಸ ರಾಷ್ಟ್ರೀಯ ಕ್ರೀಡಾ ನೀತಿಗೆ ಒಪ್ಪಿಗೆ ಕೊಟ್ಟಿತು. 2001ರ ಹಳೇ ನೀತಿ ಹೋಯ್ತು. ಗುರಿ 2036ರ ಒಲಿಂಪಿಕ್ಸ್. ಆಗ 23 ವರ್ಷ ಆಗೋ ಹುಡುಗಿಗೆ ಈಗ 12-13. ಅಂದ್ರೆ ಆಕಿ ಈಗ ಏಳನೇ ಕ್ಲಾಸಿನಾಗ ಇದ್ದಾಳೆ, ಶಹಾಪುರದ ಕಡೆ ಯಾವುದೋ ಹಳ್ಳಿಯಲ್ಲಿ, ಬಹುಶಃ ಹತ್ತಿ ಹೊಲದಾಗ. ಆಕಿ ತನಕ ನೀತಿ ಮುಟ್ಟಬೇಕಾದ್ದು 2035ಕ್ಕಲ್ಲ, ಈ ವರ್ಷ.

‘ಎಸ್ಸೆಸ್ಸೆಲ್ಸಿ ರಿಸಲ್ಟ್‌ನಾಗೇ ನಾವು ಕೊನೆ, ಆಟಕ್ಕೆ ಯಾಕ ರೊಕ್ಕ?’ ಅಂತ ಕೆಲವರು ಕೇಳ್ತೀರಿ. ನಿಜ, 2024ರಲ್ಲಿ ಯಾದಗಿರಿ ರಾಜ್ಯಕ್ಕೇ ಕೊನೆ, 50.59%. ಆದ್ರೆ ಪ್ರಾಕ್ಟೀಸ್ ಇದ್ದ ದಿನ ನಮ್ಮ ಟೀಮಿನ ಒಬ್ಬರೂ ಶಾಲೆ ತಪ್ಪಿಸ್ತಿರಲಿಲ್ಲ. ಆಟ ನಮ್ಮನ್ನ ಕ್ಲಾಸಿಗೆ ಎಳ್ಕೊಂಡು ಬರ್ತಿತ್ತು. ಇನ್ನ ಮಲಗಿದ ಬುದ್ಧನ ಗುಡ್ಡದ ಕೆಳಗೆ ನಸುಕಿನಾಗ ಓಡೋ ಹುಡುಗರನ್ನ ಕೇಳ್ರಿ, ಪೊಲೀಸ್ ಫಿಜಿಕಲ್‌ಗೆ ಅಂತಾರ. ಪೊಲೀಸ್ ನೇಮಕಾತಿಯಲ್ಲಿ ಕ್ರೀಡಾಪಟುಗಳಿಗೆ ಮೀಸಲಾತಿ ಅದ. ವಿಭಾಗ ಮಟ್ಟಕ್ಕೇ ಹೋಗಲಾರದವರಿಗೆ ಅದು ಹೆಂಗ ಸಿಗಬೇಕು?

ರೊಕ್ಕ ಇಲ್ಲ ಅನ್ನಂಗಿಲ್ಲ. 371(ಜೆ) ಕಾರಣಕ್ಕೆ ನಮಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಅದ. ಏಳು ಜಿಲ್ಲೆಗೆ ಬಜೆಟ್‌ನಲ್ಲಿ ವರ್ಷಕ್ಕೆ 5,000 ಕೋಟಿ ಘೋಷಣೆ. ಶಿಕ್ಷಣಕ್ಕೆ ‘ಅಕ್ಷರ ಆವಿಷ್ಕಾರ’ ಮಾಡಿದಂಗ ಆಟಕ್ಕೂ ಒಂದು ಪಾಲು ಇಡಲಿ. ಹೊಸ ಸ್ಟೇಡಿಯಂ ಆಮೇಲೆ ಕಟ್ಟಿ. ಮೊದಲು ಮೂರು ಕೊಡಿ: ಹೈಸ್ಕೂಲಿಗೊಬ್ಬ ಪಿಇ ಟೀಚರ್, ಹುಡುಗಿಯರ ಟೀಮಿನ ಜೊತೆ ಹೋಗಲು ಒಬ್ಬ ಮೇಡಂ, ಜಿಲ್ಲೆ ದಾಟಿ ಆಡೋ ಮಕ್ಕಳಿಗೆ ದಿನಭತ್ಯೆ. ಆ ದಿನಭತ್ಯೆ ಕೂಲಿಗಿಂತ ಒಂದು ರೂಪಾಯಿಯಾದ್ರೂ ಹೆಚ್ಚಿರಲಿ.

ನೀವು ಮಾಡೋದು ಇಷ್ಟೇ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ‘ನಮ್ಮ ಶಾಲೆಗೆ ಪಿಇ ಟೀಚರ್ ಯಾವಾಗ?’ ಅಂತ ಕೇಳಿ. ಅಥವಾ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕು ಅರ್ಜಿ ಹಾಕಿ: ತಾಲ್ಲೂಕಿನಾಗ ಎಷ್ಟು ಹುದ್ದೆ ಖಾಲಿ ಅವ? ನಾನು ಸುರಪುರದ್ದು ಹಾಕ್ತೀನಿ. ಯಾದಗಿರಿ, ಶಹಾಪುರದವರು ಯಾರು ಹಾಕ್ತೀರಿ? ಕಾಮೆಂಟ್‌ನಾಗ ಊರ ಹೆಸರು ಬರೀರಿ.

ಕೊನೇ ಫೋಟೋ ಅದೇ ಕಂಬ, ಹೋದ ವಾರ ತೆಗೆದದ್ದು. ಆಕಿ ತಂಗಿ ಈಗ ಇಲ್ಲೇ ಆಡ್ತಾಳ.

#ಯಾದಗಿರಿ #ಶಹಾಪುರ #ಸುರಪುರ #ಖೋಖೋ #ನಮ್ಜಿಲ್ಲಾನಮ್ಮಾತು