ಮನೆ ಇಲ್ಲಿ, ಮತ ಎಲ್ಲಿ?

ಚುನಾವಣೆ ಸಮೀಪಿಸಿತೆಂದರೆ ಹೊರನಾಡ ಕನ್ನಡಿಗರ ಕೂಟಗಳಲ್ಲಿ ರಾಜಕೀಯ ಪ್ರಜ್ಞೆ ಉಕ್ಕಿ ಹರಿಯುತ್ತದೆ. ಮಂಡ್ಯದಲ್ಲಿ ಯಾರಿಗೆ ಟಿಕೆಟ್ಟು, ಬೆಳಗಾವಿಯಲ್ಲಿ ಯಾರ ಬಣ ಮೇಲು ಎಂಬುದೆಲ್ಲ ನಮಗೆ ಕರತಲಾಮಲಕ. ಆದರೆ ಇಪ್ಪತ್ತು ವರ್ಷಗಳಿಂದ ತಾವು ವಾಸಿಸುತ್ತಿರುವ ದೆಹಲಿಯ ಬಡಾವಣೆ ಯಾವ ವಿಧಾನಸಭಾ ಕ್ಷೇತ್ರಕ್ಕೆ ಸೇರಿದೆ, ನಗರಪಾಲಿಕೆಯ ೨೫೦ ವಾರ್ಡುಗಳಲ್ಲಿ ತಮ್ಮದು ಯಾವುದು ಎಂದು ಕೇಳಿದರೆ ಅದೇ ಪಂಡಿತರು ತಬ್ಬಿಬ್ಬಾಗುತ್ತಾರೆ. ಈ ಅಜ್ಞಾನಕ್ಕೆ ನಾವು ನಾಡಪ್ರೇಮವೆಂಬ ಹೆಸರಿಟ್ಟಿದ್ದೇವೆ. ನಾನಿದನ್ನು ಪೌರಧರ್ಮದಿಂದ ಪಲಾಯನವೆಂದು ಕರೆಯುತ್ತೇನೆ.

ಮೊದಲನೆಯ ನೆಪ: ‘ನಮ್ಮ ಹೆಸರು ಊರಿನ ಪಟ್ಟಿಯಲ್ಲಿದೆ, ಅಲ್ಲಿ ನಮಗೆ ಮನೆಯಿದೆ.’ ೧೯೫೦ರ ಪ್ರಜಾಪ್ರತಿನಿಧಿತ್ವ ಕಾಯಿದೆಯ ೨೦ನೆಯ ಪ್ರಕರಣ ಈ ವಾದವನ್ನು ಒಂದೇ ವಾಕ್ಯದಲ್ಲಿ ತಳ್ಳಿಹಾಕುತ್ತದೆ. ಮನೆಯ ಒಡೆತನವಿದ್ದ ಮಾತ್ರಕ್ಕೆ ಯಾರೂ ಆ ಊರಿನ ಸಾಮಾನ್ಯ ನಿವಾಸಿಯಾಗಲಾರರು. ತಾತ್ಕಾಲಿಕವಾಗಿ ಊರು ಬಿಟ್ಟವರಿಗೆ ಕಾಯಿದೆ ರಕ್ಷಣೆ ನೀಡಿದೆ, ನಿಜ. ಆದರೆ ಇಪ್ಪತ್ತು ವರ್ಷದ ಸಂಸಾರವನ್ನು ತಾತ್ಕಾಲಿಕವೆನ್ನುವುದು ಹೇಗೆ? ೧೭ನೆಯ ಪ್ರಕರಣದ ಪ್ರಕಾರ ಎರಡು ಕ್ಷೇತ್ರಗಳಲ್ಲಿ ಹೆಸರಿರುವಂತಿಲ್ಲ. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದೆಂದು ೩೧ನೆಯ ಪ್ರಕರಣ ಹೇಳುತ್ತದೆ. ಊರಿನ ಜಮೀನು, ವೃದ್ಧ ತಂದೆತಾಯಿ, ಮನೆದೇವರು, ಇವೆಲ್ಲ ನಮ್ಮನ್ನು ಅಲ್ಲಿಗೆ ಎಳೆಯುತ್ತವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ನಮ್ಮ ನಲ್ಲಿಗೆ ನೀರು ಬರಬೇಕಾದದ್ದು ಇಲ್ಲಿ. ನಮ್ಮ ಮಕ್ಕಳು ಉಸಿರಾಡುವ ಗಾಳಿಯೂ ಇಲ್ಲಿನದೇ. ಇವುಗಳ ಹೊಣೆ ಹೊತ್ತವರನ್ನು ಆರಿಸುವ ಕೆಲಸವನ್ನು ನೆರೆಮನೆಯವರಿಗೆ ಬಿಟ್ಟು, ಅನಂತರ ಅವರ ಆಯ್ಕೆಯನ್ನು ಹಳಿಯುವ ಅಧಿಕಾರ ನಮಗೆಲ್ಲಿಯದು?

ಎರಡನೆಯ ನೆಪ ನನ್ನ ವೃತ್ತಿಬಾಂಧವರದು: ‘ನಾವು ಸರಕಾರಿ ನೌಕರರು, ರಾಜಕೀಯ ನಮಗೆ ನಿಷಿದ್ಧ.’ ಕೇಂದ್ರ ನಾಗರಿಕ ಸೇವೆಗಳ ೧೯೬೪ರ ನಡತೆ ನಿಯಮಗಳ ೫ನೆಯ ನಿಯಮ ಪಕ್ಷದ ಸದಸ್ಯತ್ವವನ್ನೂ ಪ್ರಚಾರವನ್ನೂ ನಿಷೇಧಿಸುತ್ತದೆ. ಅದೇ ನಿಯಮವು ನೌಕರನ ಮತದಾನದ ಹಕ್ಕನ್ನು ಸ್ಪಷ್ಟವಾಗಿ ಎತ್ತಿಹಿಡಿದು, ಯಾರಿಗೆ ಮತವೆಂಬ ಸುಳಿವು ನೀಡಬಾರದೆಂದಷ್ಟೇ ವಿಧಿಸಿದೆ. ಮೌನವಾಗಿರಬೇಕಾದದ್ದು ನಮ್ಮ ನಾಲಗೆ; ವಿವೇಚನೆಗೆ ಯಾವ ನಿಯಮವೂ ಬೀಗ ಹಾಕಿಲ್ಲ. ಇನ್ನು ಕೆಲವರು ತಮ್ಮನ್ನು ಸೇವಾ ಮತದಾರರೆಂದು ಭಾವಿಸಿದ್ದಾರೆ. ಆ ವ್ಯವಸ್ಥೆ ಇರುವುದು ಮುಖ್ಯವಾಗಿ ಸಶಸ್ತ್ರ ಪಡೆಗಳವರಿಗೆ ಮತ್ತು ವಿದೇಶಗಳಲ್ಲಿ ನಿಯುಕ್ತರಾದ ಭಾರತ ಸರಕಾರದ ನೌಕರರಿಗೆ. ದೆಹಲಿಯ ಕಚೇರಿಯಲ್ಲಿ ಕಡತ ನೋಡುವ ನಮಗಲ್ಲ.

ಮೂರನೆಯದು ನೆಪಕ್ಕಿಂತಲೂ ಅಪಾಯಕಾರಿಯಾದ ಸಲಹೆ: ‘ಹೊರನಾಡ ಕನ್ನಡಿಗರೆಲ್ಲ ಒಂದಾಗಿ ಒಂದೇ ಕಡೆ ಮತ ಹಾಕಿದರೆ ನಮ್ಮ ಮಾತಿಗೆ ಬೆಲೆ ಬರುತ್ತದೆ.’ ಹಾಗೆ ಬರುವ ಬೆಲೆ ಸಂಘದ ವೇದಿಕೆಯ ಮೇಲೆ ಕುಳಿತ ನಾಲ್ವರಿಗೆ ಸಲ್ಲುತ್ತದೆ. ಉಳಿದವರು ತಲೆ ಎಣಿಕೆಗೆ ಒದಗುತ್ತಾರೆ. ಅಭ್ಯರ್ಥಿ ನಮ್ಮವನೇ, ನಮ್ಮ ಜಾತಿಯವನೇ ಎಂಬ ಪ್ರಶ್ನೆಯನ್ನು ಊರಿನಲ್ಲಿ ಟೀಕಿಸುವ ನಾವು ಇಲ್ಲಿ ಅದನ್ನೇ ಭಾಷೆಯ ಹೆಸರಿನಲ್ಲಿ ಕೇಳುವುದು ಕನ್ನಡಕ್ಕೆ ಗೌರವ ತರುವ ಕೆಲಸವಲ್ಲ.

ಹಾಗಾದರೆ ಕೇಳಬೇಕಾದದ್ದೇನು? ಸಂಘದ ವಾರ್ಷಿಕ ಮಹಾಸಭೆಯಲ್ಲಿ ಗಣೇಶೋತ್ಸವದ ಪ್ರಸಾದದ ಖರ್ಚಿಗೆ ಒಂದು ಗಂಟೆ ವಾದಿಸುವ ನಮಗೆ ಲೆಕ್ಕ ಕೇಳುವುದನ್ನು ಯಾರೂ ಕಲಿಸಬೇಕಾಗಿಲ್ಲ. ಸರ್ವೋಚ್ಚ ನ್ಯಾಯಾಲಯದ ೨೦೦೨ ಮತ್ತು ೨೦೦೩ರ ತೀರ್ಪುಗಳ ಫಲವಾಗಿ ಪ್ರತಿಯೊಬ್ಬ ಅಭ್ಯರ್ಥಿಯೂ ತನ್ನ ಆಸ್ತಿ, ಸಾಲ, ವಿದ್ಯಾಭ್ಯಾಸ, ಕ್ರಿಮಿನಲ್ ಮೊಕದ್ದಮೆಗಳ ವಿವರವನ್ನು ಪ್ರಮಾಣಪತ್ರದಲ್ಲಿ ಸಲ್ಲಿಸಬೇಕು. ಆಯೋಗ ಅದನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತದೆ. ಮೊಕದ್ದಮೆಗಳಿರುವವರನ್ನು ಏಕೆ ಆರಿಸಿದೆವೆಂದು ಪಕ್ಷಗಳು ಕಾರಣ ಕೊಡಬೇಕು, ‘ಗೆಲ್ಲಬಲ್ಲ’ ಎಂಬುದೊಂದೇ ಕಾರಣವಾಗಲಾರದು ಎಂದು ೨೦೨೦ರ ಫೆಬ್ರುವರಿಯಲ್ಲಿ ಅದೇ ನ್ಯಾಯಾಲಯ ಹೇಳಿತು. ಇಷ್ಟು ಹೋರಾಟದಿಂದ ದೊರೆತ ಕಾಗದವನ್ನು ಓದದೆ ಗೋಡೆಯ ಭಿತ್ತಿಪತ್ರ ನೋಡಿ ಮತ ಹಾಕುವವನು ಅಕ್ಷರಸ್ಥನಾಗಿದ್ದು ಏನು ಪ್ರಯೋಜನ?

ಪಟ್ಟಿಯಲ್ಲಿ ಹೆಸರಿರುವುದು ಎಷ್ಟು ದೊಡ್ಡ ಸಂಗತಿಯೆಂಬುದಕ್ಕೆ ೧೯೫೧-೫೨ರ ಮೊದಲ ಮಹಾಚುನಾವಣೆಯೇ ಸಾಕ್ಷಿ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿ ಸ್ವಂತ ಹೆಸರು ಹೇಳದ ಸುಮಾರು ೨೮ ಲಕ್ಷ ಮಹಿಳೆಯರನ್ನು ಅಂದು ಪಟ್ಟಿಯಿಂದ ಕೈಬಿಡಬೇಕಾಯಿತು. ೨೦೨೫ರಲ್ಲಿ ಬಿಹಾರದ ವಿಶೇಷ ಪರಿಷ್ಕರಣೆಯ ಕರಡು ಪಟ್ಟಿಯಿಂದ ಸುಮಾರು ೬೫ ಲಕ್ಷ ಹೆಸರುಗಳು ಹೊರಗುಳಿದವು. ಆಯೋಗ ನೀಡಿದ ಕಾರಣಗಳಲ್ಲಿ ಮರಣದೊಡನೆ ವಲಸೆ ಮತ್ತು ಎರಡೆಡೆಯ ನೋಂದಣಿಯೂ ಸೇರಿದ್ದವು. ಆ ಪರಿಷ್ಕರಣೆಯ ಸರಿತಪ್ಪಿನ ಚರ್ಚೆ ಬೇರೆ. ಊರು ಬಿಟ್ಟು ಬಂದ ನಮ್ಮಂಥವರಿಗೆ ಅದರಲ್ಲಿರುವ ಎಚ್ಚರಿಕೆ ಮಾತ್ರ ಸ್ಪಷ್ಟ. ಊರಿನ ಪಟ್ಟಿಯಿಂದ ಹೆಸರು ಬಿದ್ದುಹೋಗಿ, ಇಲ್ಲಿಯೂ ಬರೆಸದೆ ಉಳಿದವನು ಎರಡೂ ಕಡೆ ಪ್ರಜೆಯ ದನಿಯಿಲ್ಲದವನಾಗುತ್ತಾನೆ.

ವಿಳಾಸ ಬದಲಾವಣೆಗೆ ಬೇಕಾಗಿರುವುದು ನಮೂನೆ ೮ ಎಂಬ ಒಂದು ಅರ್ಜಿ. ಹೊಸದಾಗಿ ಹದಿನೆಂಟು ತುಂಬಿದ ಮಕ್ಕಳಿಗೆ ನಮೂನೆ ೬. ಈಗ ಜನವರಿಯೊಂದೇ ಅಲ್ಲದೆ ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನಾಂಕಗಳೂ ಅರ್ಹತೆಗೆ ಆಧಾರ. ನಮ್ಮ ಸಂಘಗಳು ರಾಜ್ಯೋತ್ಸವಕ್ಕೆ ಮಂತ್ರಿಗಳನ್ನು ಕರೆಸಿ ಶಾಲು ಹೊದಿಸುವ ಮುನ್ನ ಒಂದು ಭಾನುವಾರ ಮತದಾರರ ಪಟ್ಟಿಯನ್ನು ಮೇಜಿನ ಮೇಲಿಡಲಿ, ಸದಸ್ಯರು ತಂತಮ್ಮ ಹೆಸರು ಹುಡುಕಲಿ, ಇಲ್ಲದವರಿಂದ ಅರ್ಜಿ ತುಂಬಿಸಲಿ. ಅಭ್ಯರ್ಥಿಗಳು ಅಂತಿಮವಾದ ಬಳಿಕ ಇನ್ನೊಂದು ಭಾನುವಾರ ಅವರ ಪ್ರಮಾಣಪತ್ರಗಳನ್ನು ಕನ್ನಡದಲ್ಲಿ ಓದಿ ಹೇಳಲಿ. ಯಾರಿಗೆ ಮತವೆಂಬುದನ್ನು ಸಂಘ ಹೇಳುವುದು ಬೇಡ. ಅದು ಮತಗಟ್ಟೆಯೊಳಗೆ ಅವರವರ ವಿವೇಕಕ್ಕೆ ಬಿಟ್ಟದ್ದು.