ಗೋಡೆಯ ಮೇಲಿನ ಮಾತು ಯಾರದು?

ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಗೆ ಇತ್ತೀಚೆಗೆ ಹೋಗಿದ್ದೆ. ಅಲ್ಲಿಯ ರೈತರು ಕೂಡಿಕೊಂಡು ಒಂದು ರೈತ ಉತ್ಪಾದಕ ಕಂಪನಿ ಕಟ್ಟುತ್ತಿದ್ದಾರೆ. ನನ್ನನ್ನು ಕರೆಸಿದ ಕಾರಣ ಬಹಳ ಸಣ್ಣದು. ‘ಇಂಗ್ಲಿಷಿನ್ಯಾಗ ಒಂದು ಕಾಗದ ಬಂದೈತ್ರಿ. ಕನ್ನಡ ಮಾಡಿ ಕೊಡ್ರಿ, ಗ್ವಾಡಿ ಮ್ಯಾಲ ಬರಸೂದೈತಿ’ ಎಂದಿದ್ದರು.

ಸಲಹೆಗಾರರು ಬರೆದುಕೊಟ್ಟ ಆ ಕಾಗದದ ತಲೆಯ ಮೇಲೆ ‘ವಿಷನ್ ಸ್ಟೇಟ್‌ಮೆಂಟ್’ ಎಂದಿತ್ತು. ಧ್ಯೇಯವಾಕ್ಯ ಎನ್ನಿ, ಮುನ್ನೋಟ ಎನ್ನಿ. ಅರ್ಧ ತಾಸಿನಲ್ಲಿ ಅನುವಾದ ಮುಗಿಸಿ ಸಭೆಯಲ್ಲಿ ಓದಿದೆ: ಮೌಲ್ಯವರ್ಧನೆ ಮತ್ತು ನಾವೀನ್ಯದ ಮೂಲಕ ಸದಸ್ಯರ ಸುಸ್ಥಿರ ಸಮೃದ್ಧಿಯನ್ನು ಸಾಧಿಸಿ, ಜಾಗತಿಕ ಗುಣಮಟ್ಟದ ಅಗ್ರಗಣ್ಯ ಸಂಸ್ಥೆಯಾಗಿ ಹೊರಹೊಮ್ಮುವುದು. ಎಲ್ಲರೂ ಗೌರವದಿಂದ ಕೇಳಿದರು. ಮುಂದೆ ಕೂತಿದ್ದ ಹಿರಿಯ ರೈತರೊಬ್ಬರು ಮಾತ್ರ, ‘ಭಾಳ ಚಲೋ ಐತ್ರೀ. ಇದರಾಗ ತೊಗರಿ ಎಲ್ಲೈತಿ?’ ಎಂದು ಕೇಳಿದರು.

ನನ್ನ ಹತ್ತಿರ ಉತ್ತರವಿರಲಿಲ್ಲ. ಅದೇ ಮಾತನ್ನು ಒಂದು ಬ್ಯಾಂಕಿನ ಗೋಡೆಗೆ ಹಾಕಬಹುದು, ಸಿಮೆಂಟ್ ಕಾರ್ಖಾನೆಗೂ ಹಾಕಬಹುದು. ಹೆಸರು ಅಳಿಸಿದರೆ ಯಾರದೆಂದು ಗುರುತು ಸಿಗದ ಮಾತು ಅದು. ತಪ್ಪು ಬರೆದವರದು ಅಷ್ಟೇ ಅಲ್ಲ, ಕಣ್ಣುಮುಚ್ಚಿ ಕನ್ನಡ ಮಾಡಿದ ನನ್ನದೂ ಹೌದು.

ಅದೇ ಊರಿನಲ್ಲಿ ಹಿಂದೊಂದು ಸಂಘವಿತ್ತು. ಅದರ ಗೋದಾಮಿಗೆ ಬೀಗ ಬಿದ್ದು ಬಹಳ ಮಳೆಗಾಲಗಳಾದವು. ಬಾಗಿಲ ಮೇಲಿನ ಫಲಕದಲ್ಲಿ ‘ಸರ್ವಾಂಗೀಣ ಅಭಿವೃದ್ಧಿ’ ಎಂಬ ಅಕ್ಷರ ಈಗಲೂ ಕಾಣಿಸುತ್ತದೆ. ಆ ಸಂಘಕ್ಕೆ ಶೇರು ಕಟ್ಟಿ ಹಣ ಕಳೆದುಕೊಂಡವರೇ ಈ ಸಭೆಯಲ್ಲಿ ಅರ್ಧದಷ್ಟಿದ್ದರು. ಆದ್ದರಿಂದ ಎರಡನೆಯ ಸಲ ಹಣ ಕೇಳಲು ಹೊರಟವರು ಗೋಡೆಗೆ ಏನು ಬರೆಯುತ್ತಾರೆ ಎಂಬುದು ಬಣ್ಣದ ಕೆಲಸವಾಗಿ ಉಳಿದಿರಲಿಲ್ಲ.

ಕಾನೂನಿನ ಮಾತು ಸ್ವಲ್ಪ. ಉತ್ಪಾದಕ ಕಂಪನಿಗೆ ದಾರಿ ಮಾಡಿದ್ದು 2002ರ ಕಂಪನಿ ಕಾಯ್ದೆಯ ತಿದ್ದುಪಡಿ. ಹತ್ತು ಮಂದಿ ಬೆಳೆಗಾರರಿದ್ದರೂ ನೋಂದಣಿ ಆಗುತ್ತದೆ. 2020ರಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ 10,000 ಸಂಘಟನೆಗಳ ಯೋಜನೆಯ ನೆರವಿಗೆ ಬಯಲು ಸೀಮೆಯಲ್ಲಿ ಕನಿಷ್ಠ 300 ಸದಸ್ಯರಿರಬೇಕು ಎಂಬ ನಿಯಮವಿತ್ತು. ನೋಂದಣಿಗೆ ಉದ್ದೇಶಗಳ ಪಟ್ಟಿ ಬರೆಯಲೇಬೇಕು. ಮುನ್ನೋಟವನ್ನು ಕಾನೂನು ಕೇಳುವುದಿಲ್ಲ. ಯಾರೂ ಕೇಳದ್ದನ್ನು ಬರೆಯುವಾಗಲಾದರೂ ನಮ್ಮ ಮಾತು ನಾವೇ ಆಡಬೇಕಲ್ಲ?

ಸಭೆಯಲ್ಲಿ ನಾನು ಗುಜರಾತದ ಒಂದು ಕಥೆ ಹೇಳಿದೆ. ಖೇಡಾ ಜಿಲ್ಲೆಯ ಹಾಲು ಮುಂಬಯಿಗೆ ಹೋಗುತ್ತಿತ್ತು, ಲಾಭ ಮಾತ್ರ ನಡುವಿನ ಗುತ್ತಿಗೆದಾರರಿಗೆ ಸೇರುತ್ತಿತ್ತು. 1946ರ ಜನವರಿಯಲ್ಲಿ ಸಮರಖಾ ಎಂಬ ಹಳ್ಳಿಯಲ್ಲಿ ಸೇರಿದ ರೈತರು ಒಂದು ನಿರ್ಣಯ ಮಾಡಿದರು. ಊರೂರಿಗೆ ಹಾಲಿನ ಸಂಘ ಇರಬೇಕು, ಎಲ್ಲ ಸಂಘ ಕೂಡಿ ಒಂದು ಒಕ್ಕೂಟವಾಗಬೇಕು, ಸರಕಾರ ಹಾಲನ್ನು ಒಕ್ಕೂಟದಿಂದಲೇ ಕೊಳ್ಳಬೇಕು, ಇಲ್ಲವಾದರೆ ಯಾವ ಗುತ್ತಿಗೆದಾರನಿಗೂ ಹಾಲು ಹಾಕುವುದಿಲ್ಲ. ಸರಕಾರ ಒಪ್ಪಲಿಲ್ಲ. ಹದಿನೈದು ದಿನ ರೈತರು ಹಾಲು ಕೊಡಲಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಒಕ್ಕೂಟ ನೋಂದಣಿಯಾಯಿತು, ಮುಂದೆ ಅದರ ಬೆಣ್ಣೆಗೆ ಅಮುಲ್ ಎಂಬ ಹೆಸರು ಬಂತು. ಆ ನಿರ್ಣಯಕ್ಕೆ ಆಗ ಯಾರೂ ವಿಷನ್ ಎನ್ನಲಿಲ್ಲ. ಆದರೆ ಏನು ಬದಲಾಗಬೇಕು, ಯಾರು ಮಾಡಬೇಕು, ಆಗದಿದ್ದರೆ ನಾವು ಏನು ಬಿಡುತ್ತೇವೆ ಎಂಬುದೆಲ್ಲ ಅದರಲ್ಲಿತ್ತು. ಹಾಲು ಚೆಲ್ಲಿಯಾದರೂ ನಿಲ್ಲಬಹುದಾದ ಮಾತು ಅದು. ‘ಸುಸ್ಥಿರ ಸಮೃದ್ಧಿ’ಗಾಗಿ ಒಂದು ತಂಬಿಗೆ ಹಾಲನ್ನೂ ಯಾರೂ ಚೆಲ್ಲಲಾರರು.

ಇಂಥ ಉದಾಹರಣೆಗೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರಿ ಪತ್ತಿನ ಸಂಘ ಹುಟ್ಟಿತು. ಇನ್ನು ಕಾಸರಗೋಡಿನ ಓದುಗರಿಗೆ ಕ್ಯಾಂಪ್ಕೋದ ಕಥೆ ನಾನು ಹೇಳಬೇಕಿಲ್ಲ. 1970ರ ಸುಮಾರಿಗೆ ಅಡಿಕೆ ಬೆಲೆ ಕುಸಿದ ಮೇಲೆ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ, 1973ರಲ್ಲಿ, ಕರ್ನಾಟಕ ಕೇರಳ ಎರಡೂ ಕಡೆಯ ಬೆಳೆಗಾರರಿಗೆ ಒಂದೇ ಸಂಸ್ಥೆಯಾಯಿತು. ಮುಂದೆ ಕೋಕೋ ಕೊಳ್ಳುವವರು ಕೈಬಿಟ್ಟಾಗ ಅದನ್ನೂ ಕೈಗೆತ್ತಿಕೊಂಡರು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯೇ ಎದ್ದಿತು. ಗಡಿಯ ಎರಡೂ ಮಗ್ಗುಲಿನ ಬೆಳೆಗಾರನಿಗೆ ನಂಬಿಕೆಯ ಬೆಲೆ ಎಂಬ ಯೋಚನೆ ಅಡಿಕೆಯಿಂದ ಕೋಕೋಗೂ ಹಿಗ್ಗಿತು. ಮಾತು ಖಚಿತವಾಗಿದ್ದರೂ ಬೆಳೆಯಲು ಜಾಗ ಬಿಟ್ಟಿರಬೇಕು ಎಂಬುದಕ್ಕೆ ಇದನ್ನು ಹೇಳಿದೆ.

ಅಷ್ಟಾದ ಮೇಲೆ ಸಭೆ ಬಾಯಿ ಬಿಟ್ಟಿತು. ಒಬ್ಬ ತರುಣ ಎದ್ದು, ‘ದಲಾಲರಿಲ್ಲದ ಊರು ಅಂತ ಬರೀರಿ’ ಎಂದ. ಚಪ್ಪಾಳೆಯೂ ಬಿತ್ತು. ಬಾಗಿಲ ಹತ್ತಿರ ನಿಂತಿದ್ದ ಅಡತಿ ವ್ಯಾಪಾರಿಯೊಬ್ಬರು ಸಿಟ್ಟಾಗದೆ ಕೇಳಿದರು: ‘ಮಿರಗ ಮಳಿ ಬಿದ್ದಾಗ ಬೀಜಕ್ಕ ರೊಕ್ಕ ಯಾರು ಕೊಡತಾರಪ್ಪಾ? ಈ ವರ್ಷ ನಿಮ್ಮ ಕಂಪನಿ ಕೊಡತೈತೇನು?’ ಸಭೆ ತಣ್ಣಗಾಯಿತು. ಆ ಪ್ರಶ್ನೆ ನ್ಯಾಯವಾದದ್ದೇ ಎಂದು ನನಗೆ ಅನಿಸಿತು. ಯಾರನ್ನೋ ಇಲ್ಲವಾಗಿಸುತ್ತೇವೆ ಎಂದು ಬರೆಯುವುದು ಸುಲಭ. ಅವರು ಮಾಡುತ್ತಿದ್ದ ಕೆಲಸ ನಾಳೆ ಯಾರು ಮಾಡುತ್ತಾರೆಂದು ಹೇಳುವುದು ಕಷ್ಟ. ತರುಣನ ಮಾತಿನ ಹಿಂದೆ ಇದ್ದ ನೋವು ತೂಕದ್ದು, ಪಟ್ಟಿಯದು. ಕಾಟಾ ಎಷ್ಟು ತೋರಿಸಿತು, ಪಟ್ಟಿಯಲ್ಲಿ ಏನೇನು ಮುರಿದುಕೊಂಡರು ಎಂಬುದು ತಿಳಿಯದ ನೋವು. ಅದನ್ನೇ ಬರೆಯೋಣ ಎಂದು ವ್ಯಾಪಾರಿಯೂ ಒಪ್ಪಿದರು.

ತೊಗರಿಯ ಮಾತು ಕಡೆಗೆ ಒಬ್ಬ ಹೆಣ್ಣುಮಗಳಿಂದ ಬಂತು. ‘ತೊಗರಿ ನಾವ ಬೆಳಿತೀವಿ, ಬ್ಯಾಳಿ ಅಂಗಡ್ಯಾಗ ಕೊಂಡು ತರತೀವಿ. ಇದೊಂದು ನಿಂತರ ಸಾಕ್ರಿ.’ ಒಂದು ಕ್ವಿಂಟಲ್ ತೊಗರಿ ಒಡೆಸಿದರೆ ಸುಮಾರು 70 ಕಿಲೋ ಬೇಳೆ ಬರುತ್ತದೆ. ಉಳಿದ ಹೊಟ್ಟು ನುಚ್ಚು ದನಕ್ಕೆ ಆಗುತ್ತದೆ. ಕಾಳಾಗಿ ಮಾರಿದಾಗ ಬೇಳೆಯ ಲಾಭವೂ ಹೋಯಿತು, ದನದ ಪಾಲೂ ಹೋಯಿತು. ಆಕೆ ಹೇಳಿದ್ದರಲ್ಲಿ ಸಲಹೆಗಾರರ ‘ಮೌಲ್ಯವರ್ಧನೆ’ ಪೂರ್ತಿಯಾಗಿ ಅಡಗಿತ್ತು.

ಸಂಜೆಯ ಹೊತ್ತಿಗೆ ಹಾಳೆಯ ಮೇಲೆ ಉಳಿದದ್ದು ಇದು: ‘ನಮ್ಮ ತೊಗರಿ ನಮ್ಮೂರಾಗ ಬ್ಯಾಳಿ ಆಗಬೇಕು. ತೂಕ ಎಲ್ಲಾರ ಕಣ್ಣ ಮುಂದ, ಪಟ್ಟಿ ಓದಾಕ ಬರೂ ಭಾಷಾದಾಗ.’ ಗ್ರಂಥಸ್ಥ ಕನ್ನಡಕ್ಕೆ ತಿದ್ದಲು ನನ್ನ ಕೈ ತುಡಿಯಿತು, ತಿದ್ದಲಿಲ್ಲ. ಸದಸ್ಯರಲ್ಲಿ ಮರಾಠಿ ಮನೆಗಳೂ ಇವೆ. ಅವರು ಇದನ್ನು ಅನುವಾದಕ್ಕೆ ಬಿಡದೆ ತಾವೇ ಕೂತು ಹೇಳಿಕೊಂಡರು: ‘ಆಮಚ್ಯಾ ತುರೀಚೀ ಡಾಳ ಆಮಚ್ಯಾಚ ಗಾವಾತ.’ ಗೋಡೆಯ ಮೇಲೆ ಎರಡೂ ಬರುತ್ತವೆ, ಒಂದೇ ಅಳತೆಯ ಅಕ್ಷರದಲ್ಲಿ. ಇಂಗ್ಲಿಷ್ ಕಾಗದ ಬ್ಯಾಂಕಿನ ಫೈಲಿಗೆ ಹೋಗುತ್ತದೆ. ಸಾಲದ ಅರ್ಜಿಗೆ ಅದೂ ಬೇಕಾಗುವುದು.

ಜಗಳ ಉಳಿದದ್ದು ಇಸವಿಯ ಬಗ್ಗೆ. ಎಷ್ಟು ವರ್ಷದೊಳಗೆ ಎಂದು ಬರೆಯದಿದ್ದರೆ ಹಳೆಯ ಗೋದಾಮಿನ ಫಲಕದಂತೆಯೇ ಆಗುತ್ತದೆ ಎಂದು ನಾನು ಹಟ ಹಿಡಿದೆ. ತರುಣರು ಐದು ವರ್ಷ ಎಂದರು. ತೊಗರಿ ಎಲ್ಲಿ ಎಂದು ಕೇಳಿದ ಹಿರಿಯರು, ‘ಮೂರು ಬರೀರಿ, ನಾನೂ ನೋಡಬೇಕಲ್ಲ’ ಎಂದರು. ಮುಂದಿನ ಸಭೆಯಲ್ಲಿ ತೀರ್ಮಾನವಾಗುತ್ತದೆ. ಅಲ್ಲಿಯವರೆಗೆ ಗೋಡೆಗೆ ಸುಣ್ಣ ಮಾತ್ರ ಬಳಿದಿದ್ದಾರೆ.

ಜತ್ತ, ಆದೋನಿ, ತಾಳವಾಡಿ, ಮಡಕಶಿರಾ ಕಡೆಯ ಓದುಗರೇ, ನಿಮ್ಮ ಸಂಘದ ಗೋಡೆಯ ಮೇಲೆ ಏನು ಬರೆದಿದೆ? ಇದ್ದದ್ದು ಇದ್ದಂತೆ ಒಂದು ಕಾರ್ಡಿನಲ್ಲಿ ಬರೆದು ಈ ಪುಟಕ್ಕೆ ಕಳಿಸಿ. ಅದನ್ನು ಬರೆದವರು ಯಾರೆಂದು ಗೊತ್ತಿದ್ದರೆ ಅದನ್ನೂ ತಿಳಿಸಿ.