ಸ್ನಾಯುಕ್ಷಯ ಪೀಡಿತರೂ ಸಾಂಕ್ರಾಮಿಕ ಕಾಲವೂ

2021ನೆಯ ಇಸವಿಯ ಮಾರ್ಚ್ 1ರಂದು ಕೇಂದ್ರ ಸರಕಾರವು ಕೋವಿಡ್ ಲಸಿಕೆಯ ಬಾಗಿಲನ್ನು ಸಾಮಾನ್ಯ ಪ್ರಜೆಗಳಿಗೆ ತೆರೆದಾಗ, 60 ವರ್ಷ ದಾಟಿದವರಿಗೂ, 45ರಿಂದ 59 ವರ್ಷದೊಳಗಿನ ಕೆಲವು ವ್ಯಾಧಿಪೀಡಿತರಿಗೂ ಮೊದಲ ಸರದಿಯೆಂದು ಸಾರಿದ್ದು ನಮ್ಮ ವಾಚಕರಿಗೆ ನೆನಪಿರಬಹುದು. ಆ ವ್ಯಾಧಿಗಳ ಪಟ್ಟಿಯಲ್ಲಿ 20 ಬಾಬುಗಳಿದ್ದವು. ಕೊನೆಯ ಬಾಬಿನಲ್ಲಿ ಸ್ನಾಯುಕ್ಷಯದ ಹೆಸರೂ ಇತ್ತು. ಪಟ್ಟಿ ಬರೆದ ಅಧಿಕಾರಿಗಳು ಈ ಹತಭಾಗ್ಯರನ್ನು ಮರೆಯಲಿಲ್ಲವಲ್ಲ ಎಂದು ನಾವು ಆ ದಿನ ಸಂತೋಷಪಟ್ಟೆವು. ಆ ಸಂತೋಷವು ಬಹಳ ಹೊತ್ತು ನಿಲ್ಲಲಿಲ್ಲ.

ಸ್ನಾಯುಕ್ಷಯಗಳಲ್ಲಿ ಘೋರವಾದದ್ದು ಡುಶೆನ್ ಎಂಬ ಪ್ರಭೇದ. ಪ್ರಾಯಶಃ ಗಂಡುಮಕ್ಕಳಿಗೇ ಬರತಕ್ಕ ಈ ವ್ಯಾಧಿಯು 3500ರಿಂದ 5000 ಗಂಡುಶಿಶುಗಳಲ್ಲಿ ಒಂದನ್ನು ಹಿಡಿಯುತ್ತದೆಂದು ವೈದ್ಯರ ಲೆಕ್ಕ. ಮೂರು ನಾಲ್ಕು ವರ್ಷದ ಹುಡುಗನು ನೆಲದಿಂದೇಳುವಾಗ ತನ್ನ ತೊಡೆಗಳ ಮೇಲೆಯೇ ಕೈಯೂರಿ ಮೈಯನ್ನು ಮೇಲಕ್ಕೆತ್ತಿಕೊಳ್ಳುವದು ಇದರ ಮೊದಲ ಕುರುಹು. ಹನ್ನೆರಡರ ಆಸುಪಾಸಿಗೆ ಗಾಲಿಕುರ್ಚಿ. ಮುಂದೆ ಉಸಿರಾಟದ ಸ್ನಾಯುಗಳೂ ಹೃದಯವೂ ಸೋಲತೊಡಗುತ್ತವೆ. ಉತ್ತಮ ಶುಶ್ರೂಷೆ ದೊರೆತವರು ಮೂವತ್ತನ್ನು ದಾಟುವದುಂಟು. ನಲ್ವತ್ತೈದನ್ನು ಕಾಣುವದು ಅತ್ಯಪೂರ್ವ. ಅಂಥವರ ವ್ಯಾಧಿಯನ್ನು ಪಟ್ಟಿಯಲ್ಲಿ ಬರೆದು, ನಲ್ವತ್ತೈದು ತುಂಬಿದ ಮೇಲೆ ಬನ್ನಿರಿ ಎಂದು ಷರತ್ತು ಹಾಕಿದ ಲೇಖಣಿಗೆ ಏನೆನ್ನಬೇಕು? ಮಕ್ಕಳ ಮೇಲೆ ಲಸಿಕೆಯ ಪರೀಕ್ಷೆ ಆಗಿನ್ನೂ ಮುಗಿದಿರಲಿಲ್ಲವೆಂಬದನ್ನು ನಾವು ಬಲ್ಲೆವು. ಆದರೆ ಹದಿನೆಂಟು ದಾಟಿದ ತರುಣರಿಗೆ ಯಾವ ಅಡ್ಡಿಯಿತ್ತು? ಅವರು ಮೇ 1ರ ವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಎರಡನೆಯ ಅಲೆಯು ನಾಡನ್ನು ಮುಳುಗಿಸಿತ್ತು. ಹಾಸಿಗೆಯಿಂದೇಳಲಾರದವರ ಮನೆಗೇ ಹೋಗಿ ಲಸಿಕೆ ಹಾಕತಕ್ಕದ್ದೆಂಬ ಅಪ್ಪಣೆ ಹೊರಟದ್ದು ಆ ವರ್ಷದ ಸೆಪ್ಟೆಂಬರಿನಲ್ಲಿ.

ನಮ್ಮ ಮುದ್ರಣಾಲಯದಲ್ಲಿ ಕಾಗದದ ಉಗ್ರಾಣವನ್ನು ನೋಡಿಕೊಳ್ಳುವ ಗೃಹಸ್ಥರೊಬ್ಬರ ಮಗನಿಗೆ ಇದೇ ವ್ಯಾಧಿ. ಆಗ ಅವನಿಗೆ 20 ವರ್ಷ. ಲಸಿಕೆಯ ಕೇಂದ್ರದಿಂದ ಬರಿಗೈಯಲ್ಲಿ ಹಿಂದಿರುಗಿದ ಆ ತಂದೆಯು ನಮ್ಮ ಮೇಜಿನ ಮುಂದೆ ನಿಂತು, “ಸಾಹೇಬ್ರ, ಪಟ್ಟಿಯಾಗ ನನ್ನ ಮಗನ ರೋಗ ಐತ್ರಿ, ನನ್ನ ಮಗ ಇಲ್ರಿ” ಎಂದರು. ಇಪ್ಪತ್ತೈದು ವರ್ಷಗಳಿಂದ ಅಗ್ರಲೇಖನ ಬರೆಯುತ್ತಿರುವ ನಮಗೆ ಈ ವಿಷಯದಲ್ಲಿ ಇದಕ್ಕಿಂತ ನೆಟ್ಟಗಿನ ಮಾತು ಹೊಳೆದಿಲ್ಲ.

ಅದಕ್ಕೆ ಹಿಂದಿನ ವರ್ಷದ ಸಂಗತಿಯನ್ನೂ ಹೇಳಬೇಕು. 2020ರ ಮಾರ್ಚ್ 24ರ ರಾತ್ರಿ ದೇಶವನ್ನೆಲ್ಲ ಮುಚ್ಚುವ ಘೋಷಣೆಯಾಯಿತು. ಈ ಹುಡುಗನು ನಿತ್ಯವೂ ನುಂಗುತ್ತಿದ್ದ ಡಿಫ್ಲಾಜಕೋರ್ಟ್ ಗುಳಿಗೆಗಳು ಹನ್ನೊಂದು ದಿನಕ್ಕೆ ಮಾತ್ರ ಉಳಿದಿದ್ದವು. ಇದು ಸ್ಟಿರಾಯ್ಡ್ ಜಾತಿಯ ಔಷಧ. ಬಹುದಿನ ಸೇವಿಸಿದವರ ದೇಹವು ತನ್ನ ಸ್ವಂತ ರಸವನ್ನು ಉತ್ಪಾದಿಸುವದನ್ನು ಮರೆತಿರುತ್ತದಾದ್ದರಿಂದ, ಇದನ್ನು ಒಮ್ಮೆಲೆ ನಿಲ್ಲಿಸಿದರೆ ರಕ್ತದ ಒತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ನಮ್ಮ ಊರಿನ ಅಂಗಡಿಗಳಲ್ಲಿ ಆ ಗುಳಿಗೆ ಸಿಕ್ಕಲಿಲ್ಲ. ಹುಡುಗನನ್ನು ನೋಡುತ್ತಿದ್ದ ವೈದ್ಯರಿದ್ದುದು ಬೆಂಗಳೂರಿನಲ್ಲಿ. ಹುಬ್ಬಳ್ಳಿಯಿಂದ 400 ಕಿಲೋಮೀಟರಿಗೂ ಮೇಲ್ಪಟ್ಟ ದಾರಿ, ನಡುವೆ ಜಿಲ್ಲೆಗೊಂದು ತಡೆಗಟ್ಟೆ. ಕೊನೆಗೆ ದೂರವಾಣಿಯಲ್ಲಿ ಸಿಕ್ಕಿದ ಆ ಪುಣ್ಯಾತ್ಮರು, ಎಲ್ಲೆಡೆ ದೊರೆಯುವ ಅಗ್ಗದ ಪ್ರೆಡ್ನಿಸೊಲೋನ್ ಗುಳಿಗೆಯನ್ನು ಎಷ್ಟು ಪ್ರಮಾಣದಲ್ಲಿ ಬದಲಿಗೆ ಕೊಡಬೇಕೆಂದು ಲೆಕ್ಕ ಹಾಕಿ, ಚೀಟಿ ಬರೆದು ಕಳಿಸಿದರು. ಐದು ನಿಮಿಷದ ಮಾತಿನಿಂದ ಒಂದು ಜೀವ ಉಳಿಯಿತು.

ಇಲ್ಲಿ ಸರಕಾರಕ್ಕೆ ಸಲ್ಲತಕ್ಕ ಮನ್ನಣೆಯನ್ನು ಸಲ್ಲಿಸುತ್ತೇವೆ. ದೂರವಾಣಿಯ ಮೂಲಕ ವೈದ್ಯರು ಸಲಹೆ ಕೊಡುವದಕ್ಕೆ ನಿಯಮಗಳು ಪ್ರಕಟವಾದದ್ದು ಮಾರ್ಚ್ 25ರಂದೇ. ಅವು ಇಲ್ಲದೆ ಹೋಗಿದ್ದರೆ ಅನೇಕ ವೈದ್ಯರು ಚೀಟಿ ಬರೆಯಲು ಹಿಂಜರಿಯುತ್ತಿದ್ದರು. ನರಸ್ನಾಯು ವ್ಯಾಧಿಗಳಿಗೆ ನಮ್ಮ ನಾಡಿನ ದೊಡ್ಡ ಆಸರೆಯಾದ ನಿಮ್ಹಾನ್ಸ್ ಬೆಂಗಳೂರಿನಲ್ಲಿರುವಾಗ, ಬೀದರ, ಬಳ್ಳಾರಿ, ಕಾರವಾರದವರಿಗೆ ಈ ತಂತಿಯೇ ರಾಜಮಾರ್ಗ. ಆದರೆ ತಂತಿಗೂ ಮಿತಿಯುಂಟು. ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ ಎಂಬ ವ್ಯಾಧಿಯ ಮಕ್ಕಳಿಗೆ ನಾಲ್ಕು ತಿಂಗಳಿಗೊಮ್ಮೆ ಬೆನ್ನುಹುರಿಯ ದ್ರವದಲ್ಲಿ ಚುಚ್ಚಬೇಕಾದ ಔಷಧವನ್ನು ದೂರವಾಣಿಯಲ್ಲಿ ಚುಚ್ಚಲಾಗದು.

ಅಧಿಕಾರಿವರ್ಗದವರೂ ತಾಲೂಕಿನ ದವಾಖಾನೆಗಳ ತರುಣ ವೈದ್ಯರೂ ಮುಖ್ಯವಾಗಿ ತಿಳಿಯಬೇಕಾದ ಸಂಗತಿ ಇನ್ನೊಂದಿದೆ. ಕೋವಿಡ್ ಕಾಲದಲ್ಲಿ ಆಮ್ಲಜನಕವೇ ಸಂಜೀವಿನಿಯೆಂದು ನಾವೆಲ್ಲರೂ ಕಲಿತೆವು. 2021ರ ಮೇ 2ರಿಂದ 3ರ ನಡುವೆ ಚಾಮರಾಜನಗರದಲ್ಲಿ ನಡೆದದ್ದನ್ನು ಕಂಡ ಮೇಲೆ ಅದನ್ನು ಯಾರೂ ಮರೆಯಲಾರರು. ಆದರೆ ಸ್ನಾಯು ಸೋತವನ ಸ್ಥಿತಿ ಬೇರೆ. ಕಮ್ಮಾರನ ಕುಲುಮೆಯನ್ನು ನೆನೆಯಿರಿ: ಕೆಂಡವು ಸರಿಯಾಗಿದ್ದು, ತಿದಿಯನ್ನೊತ್ತುವ ಕೈಯೇ ಸೋತಿದ್ದರೆ ಏನಾದೀತು? ಈ ರೋಗಿಗಳಲ್ಲಿ ಪುಪ್ಪುಸವು ಕೆಂಡ, ಎದೆಯ ಸ್ನಾಯುಗಳು ಕೈ. ಒಳಗಿನ ಕೆಟ್ಟ ಗಾಳಿಯು ಹೊರಗೆ ಹೋಗದೆ ರಕ್ತದಲ್ಲಿ ಇಂಗಾಲಾಮ್ಲ ಏರುತ್ತದೆ. ಬೆಳಗಿನ ತಲೆನೋವು, ಹಗಲಿನ ಜೋಂಪು ಅದರ ಲಕ್ಷಣಗಳು. ಬೆರಳಿಗೆ ಸಿಕ್ಕಿಸುವ ಮಾಪಕವು ಆಗಲೂ ಸುಖವಾಗಿಯೇ ಅಂಕಿ ತೋರಿಸುತ್ತಿರಬಹುದು. ಇಂಥವನಿಗೆ ಉಸಿರಾಟದ ಯಂತ್ರದ ಒತ್ತಾಸೆಯಿಲ್ಲದೆ ಬರಿಯ ಆಮ್ಲಜನಕ ಹಿಡಿದರೆ ಅಂಕಿ ಇನ್ನಷ್ಟು ಚೆನ್ನಾಗಿ ಕಾಣುತ್ತದೆ, ಇಂಗಾಲಾಮ್ಲವು ಮಾತ್ರ ಏರುತ್ತಲೇ ಹೋಗಿ ರೋಗಿಯು ನಿದ್ದೆಯಂಥ ಮೈಮರೆವಿಗೆ ಜಾರುತ್ತಾನೆ. ಒಂದೇ ಉಸಿರಿನಲ್ಲಿ ಎಷ್ಟರ ವರೆಗೆ ಎಣಿಸಬಲ್ಲನೆಂದು ಕೇಳುವದು ಕಾಸು ಖರ್ಚಿಲ್ಲದ ಪರೀಕ್ಷೆ. ಹದಿನೈದಕ್ಕೇ ನಿಂತರೆ ಅಪಾಯವು ಹತ್ತಿರವಿದೆಯೆಂದು ತಿಳಿಯಬೇಕು. ಹಾಗೆಯೇ ಮಯಸ್ತೇನಿಯಾ ಗ್ರೇವಿಸ್ ಎಂಬ ವ್ಯಾಧಿಯುಳ್ಳವರಿಗೆ, ಆ ದಿನಗಳಲ್ಲಿ ಮನೆಮನೆಯಲ್ಲೂ ನುಂಗಿದ ಹೈಡ್ರಾಕ್ಸಿಕ್ಲೋರೊಕ್ವಿನ್, ಅಜಿತ್ರೊಮೈಸಿನ್ ಗುಳಿಗೆಗಳೇ ನಿಶ್ಶಕ್ತಿಯನ್ನು ಹೆಚ್ಚಿಸಬಲ್ಲವು. ವಿಶ್ವ ಸ್ನಾಯು ಸಂಘವು 2020ರಲ್ಲಿಯೇ ಇಂಥ ಎಚ್ಚರಿಕೆಗಳನ್ನು ಪ್ರಕಟಿಸಿತ್ತು. ಅವು ನಮ್ಮ ತಾಲೂಕುಗಳಿಗೆ ಕನ್ನಡದಲ್ಲಿ ಮುಟ್ಟಿದ್ದನ್ನು ನಾವು ಕಾಣಲಿಲ್ಲ.

ಇನ್ನು ವಾರ್ಡುಗಳ ಮಾತು. ಸೋಂಕಿನ ಭಯದಿಂದ ಬಂಧುಗಳನ್ನು ಹೊರಗೆ ನಿಲ್ಲಿಸಿದರು. ನಿಯಮವು ಯುಕ್ತವೇ. ಆದರೆ ಮಗ್ಗಲು ಬದಲಿಸಲಾರದವನು, ಕಫವನ್ನು ಕೆಮ್ಮಿ ಉಗುಳಲಾರದವನು, ಕರೆಗಂಟೆಯ ಗುಂಡಿಯನ್ನು ಒತ್ತಲಾರದವನು ಒಬ್ಬನೇ ಮಲಗಿದರೆ ಅವನಿಗೆ ದವಾಖಾನೆಯಿದ್ದೂ ಏನು ಫಲ? ಅವನ ತಾಯಿಯು ಇಲ್ಲಿ ಭೇಟಿಗೆ ಬಂದ ಬಂಧುವಲ್ಲ. ಹದಿನೈದು ವರ್ಷ ಅಭ್ಯಾಸವಾದ ದಾದಿ. ರಕ್ಷಾಕವಚ ತೊಡಿಸಿ ಆಕೆಯನ್ನು ಒಳಗೆ ಬಿಡುವದೇ ವಿವೇಕ.

ಲಕ್ಷಾಂತರ ಜನ ಸಾಯುತ್ತಿರುವಾಗ ಈ ಕೆಲವರನ್ನು ನೋಡುತ್ತ ಕೂಡ್ರುವದು ಹೇಗೆಂದು ಕೇಳುವ ಮಹಾಶಯರುಂಟು. ಯಂತ್ರಗಳು ಕಡಿಮೆಯಾದಾಗ ಬಲಿಷ್ಠನಿಗೇ ಕೊಡೋಣವೆಂಬ ಯೋಚನೆಯು ಮುಂದುವರಿದ ದೇಶಗಳಲ್ಲಿಯೂ ತಲೆಯೆತ್ತಿತು. ಇಂಗ್ಲಂಡದ ನೈಸ್ ಸಂಸ್ಥೆಯು 2020ರ ಮಾರ್ಚ್ 20ರಂದು ರೋಗಿಗಳ ದೌರ್ಬಲ್ಯವನ್ನು ಅಂಕಗಳಿಂದ ಅಳೆಯುವ ಮಾರ್ಗಸೂಚಿ ಹೊರಡಿಸಿತು. ಅಂಗವಿಕಲರ ಪರವಾಗಿ ಕೂಗೆದ್ದು, ಐದೇ ದಿನಗಳಲ್ಲಿ, ತರುಣರಿಗೂ ಸ್ಥಿರವಾದ ಅಂಗವೈಕಲ್ಯವುಳ್ಳವರಿಗೂ ಆ ಅಳತೆಯು ಸಲ್ಲದೆಂದು ತಿದ್ದಬೇಕಾಯಿತು. ಇಂಥ ಯೋಚನೆಯುಳ್ಳವರಿಗೆ ನಾವು ಒಂದು ಇತಿಹಾಸವನ್ನು ನೆನಪಿಸುತ್ತೇವೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಮಾರಿ ಎದ್ದಿತು. ಉಸಿರಾಟದ ಸ್ನಾಯುಗಳು ಸೋತ ಮಕ್ಕಳಲ್ಲಿ ಬಹುತೇಕ ಎಲ್ಲರೂ ಸಾಯುತ್ತಿದ್ದರು. ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯನು ಕೊರಳಲ್ಲಿ ನಳಿಗೆಯಿಟ್ಟು ಚೀಲದಿಂದ ಕೈಯಾರೆ ಗಾಳಿ ಒತ್ತುವ ಉಪಾಯ ತೋರಿಸಿದನು. ಯಂತ್ರವಿರಲಿಲ್ಲ, ಸುಮಾರು 1500 ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳು ಹಾಸಿಗೆಯ ಬದಿಗೆ ಕುಳಿತು, ವಾರಗಟ್ಟಲೆ ತಿಂಗಳುಗಟ್ಟಲೆ, ಆ ಚೀಲಗಳನ್ನು ಹಿಚುಕಿದರು. ಸಾವಿನ ಪ್ರಮಾಣವು ಅರ್ಧಕ್ಕಿಂತಲೂ ಕೆಳಗಿಳಿಯಿತು. ಇಂದಿನ ತೀವ್ರನಿಗಾ ಘಟಕಗಳು ಅಲ್ಲಿಂದಲೇ ಹುಟ್ಟಿದವು. ಸ್ನಾಯು ಸೋತವರಿಗಾಗಿ, ಸಾಂಕ್ರಾಮಿಕದ ನಡುವೆಯೇ ಹುಟ್ಟಿದ ವಿದ್ಯೆಯಿದು. ಇದರ ಯಂತ್ರವನ್ನು ಹಂಚುವಾಗ ಅವರನ್ನೇ ಸಾಲಿನ ಕೊನೆಗೆ ನಿಲ್ಲಿಸುವದೆ?

ನಾವು ಹೊಸ ಕಾಯಿದೆಯನ್ನು ಬೇಡುತ್ತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ವೈಕಲ್ಯಗಳಲ್ಲಿ ಸ್ನಾಯುಕ್ಷಯವೂ ಒಂದು. ಅದರ 8ನೆಯ ಕಲಮಿನ ಪ್ರಕಾರ ಪ್ರತಿಯೊಂದು ಜಿಲ್ಲೆಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ತನ್ನ ಜಿಲ್ಲೆಯ ಅಂಗವಿಕಲರ ವಿವರಗಳ ದಫ್ತರವನ್ನು ಇಡತಕ್ಕದ್ದು. ಅಪಾಯದ ಸಂದರ್ಭವನ್ನು ಅವರಿಗೆ ಮುಂಚಿತವಾಗಿ ತಿಳಿಸತಕ್ಕದ್ದು. ಆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಈ ದಫ್ತರದಲ್ಲಿ ಮನೆಯಲ್ಲಿಯೇ ಉಸಿರಾಟದ ಯಂತ್ರವನ್ನಿಟ್ಟುಕೊಂಡವರು ಯಾರು, ವಿದ್ಯುತ್ತು ಹೋದರೆ ಅವರಿಗೆ ಎಷ್ಟು ತಾಸಿನ ಆಸರೆಯಿದೆ, ಯಾರು ಯಾವ ಗುಳಿಗೆಯನ್ನು ನಿಲ್ಲಿಸಬಾರದು ಎಂಬ ಮೂರು ಕಾಲಮುಗಳನ್ನು ಕೂಡಿಸಿದರೆ ಸಾಕು. ಮುಂದಿನ ಲಸಿಕೆಯ ಸರದಿಯನ್ನು ವಯಸ್ಸಿನಿಂದಲ್ಲ, ಆ ದಫ್ತರದಿಂದ ಎತ್ತಬಹುದು.

ಕೋವಿಡ್ ಜಾಗತಿಕ ತುರ್ತುಪರಿಸ್ಥಿತಿಯು ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಸಾರಿತು. ನಮ್ಮ ಉಗ್ರಾಣದ ಗೃಹಸ್ಥರ ಮಗ ಬದುಕಿದ್ದಾನೆ. ರಾತ್ರಿ ಯಂತ್ರದ ಮುಖವಾಡ ಧರಿಸಿ ಮಲಗುತ್ತಾನೆ. ತಂದೆ ಸಾಲ ಮಾಡಿ ತಂದ ಬ್ಯಾಟರಿಯು ನಾಲ್ಕು ತಾಸು ನಡೆಯುತ್ತದೆ. ಆ ಹುಡುಗನ ಹೆಸರು ಜಿಲ್ಲೆಯ ಯಾವ ದಫ್ತರದಲ್ಲಿ, ಎಷ್ಟನೆಯ ಪುಟದಲ್ಲಿದೆಯೆಂದು ಸಂಬಂಧಪಟ್ಟವರು ನಮಗೆ ತಿಳಿಸಿದರೆ, ಅವರ ಉತ್ತರವನ್ನು ಇದೇ ಅಂಕಣದಲ್ಲಿ ಅಚ್ಚು ಹಾಕುತ್ತೇವೆ.